ಸವೆದ ಪಿಕಪ್ ಬಾಡಿಯ ಮೇಲೆ ಮತ್ತೆ ಬಣ್ಣ

ಕೇಳುಗರೆ, ನಮಸ್ಕಾರ.

ಇಂಡಿಯ ನಿಂಬೆ, ಬಾಗೇವಾಡಿ ಕಡೆಯ ಉಳ್ಳಾಗಡ್ಡಿ, ಮಹಾಲಿಂಗಪುರದ ಬೆಲ್ಲ, ಇಳಕಲ್ಲಿನ ಕಲ್ಲು. ನಮ್ಮ ಭಾಗದ ಪಿಕಪ್ ಗಾಡಿ ಹೊರದ ಮಾಲಿಲ್ಲ. ನಾಲ್ಕೈದು ವರ್ಷ ದುಡಿದ ಗಾಡಿಯ ಮುಂಭಾಗ ಇನ್ನೂ ಹೊಸದರಂತಿರುತ್ತದೆ, ಹಿಂದಿನ ಬಾಡಿ ಮಾತ್ರ ಬಣ್ಣ ಎದ್ದು, ಜಂಗು ಹಿಡಿದು, ಮೂಲೆಯಲ್ಲಿ ತೂತು ಬಿದ್ದಿರುತ್ತದೆ. ಅದನ್ನು ತಿದ್ದುವ ಕೆಲಸದ ಬಗ್ಗೆ ಇವತ್ತಿನ ಮಾತು.

ಸಾಮಾನು ಉಜ್ಜಿ ತಗಡು ಸವೆಯುವುದು ನಿಜ. ಅದಕ್ಕಿಂತ ಹೆಚ್ಚು ಕೆಡಿಸುವುದು ಗೊಬ್ಬರ. ಪೊಟ್ಯಾಶ್ ಗೊಬ್ಬರ ಹೆಚ್ಚಾಗಿ ಕ್ಲೋರೈಡ್ ಉಪ್ಪು. ಹರಿದ ಚೀಲದಿಂದ ಉದುರಿದ ಹರಳು ಪ್ಲೈವುಡ್ಡಿನ ಅಥವಾ ರಬ್ಬರ್ ಹಾಸಿನ ಕೆಳಗೆ ಸೇರಿ, ಗಾಳಿಯ ತೇವ ಎಳೆದುಕೊಂಡು ತಿಂಗಳುಗಟ್ಟಲೆ ಕೂರುತ್ತದೆ. ಹಾಸು ಹಾಕಿದ್ದೇವೆ, ತಗಡು ಭದ್ರ ಎಂದು ನಂಬಿದವರ ಗಾಡಿಯೇ ಎಷ್ಟೋ ಸಲ ಮೊದಲು ತೂತಾಗುತ್ತದೆ. ಆದ್ದರಿಂದ ಹಾಸು ಕಿತ್ತು ಹೊರಗೆ ಹಾಕಿ. ಮೂಲೆಗಳಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ರವದಿ, ಮಣ್ಣು ತುಂಬಿ ಅವು ಮುಚ್ಚಿರುತ್ತವೆ, ತಂತಿ ಹಾಕಿ ಬಿಡಿಸಿ.

ಇನ್ನು ತೊಳೆಯುವುದು. ಗ್ರೀಸು, ಎಣ್ಣೆಯ ಕಲೆ ತೆಗೆಯಲು ಡೀಸೆಲ್ ಬಳಸುವ ರೂಢಿ ಬಹಳ ಕಡೆ ಇದೆ. ಡೀಸೆಲ್ ತನ್ನದೇ ಎಣ್ಣೆಯ ಪದರ ಬಿಟ್ಟುಹೋಗುತ್ತದೆ, ಅದರ ಮೇಲೆ ಯಾವ ಬಣ್ಣವೂ ಕಚ್ಚದು. ಸೋಪಿನ ಪುಡಿ, ಗಟ್ಟಿ ಬ್ರಷ್, ಪ್ರೆಷರ್ ನೀರು ಸಾಕು. ನೀರು ಹನಿಹನಿಯಾಗಿ ಉರುಳಿದರೆ ಜಿಡ್ಡು ಉಳಿದಿದೆ, ಹಾಳೆಯಂತೆ ಹರಡಿದರೆ ಹೋಗಿದೆ. ನಮ್ಮಲ್ಲಿ ಅನೇಕ ಊರುಗಳ ಬೋರ್ ನೀರು ಸವುಳು. ಅದು ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದಲ್ಲ, ಅದೂ ಉಪ್ಪೇ. ಕೊನೆಯ ಎರಡು ಸುತ್ತು ಸಿಹಿನೀರಿನಲ್ಲೇ ತೊಳೆಯಿರಿ. ಬಣ್ಣದ ಅಡಿಯಲ್ಲಿ ಉಪ್ಪು ಉಳಿದರೆ ಅದು ಪದರದ ಮೂಲಕವೇ ತೇವ ಎಳೆದು, ಮೊದಲ ಮಳೆಗಾಲದಲ್ಲೇ ಗುಳ್ಳೆ ಎಬ್ಬಿಸುತ್ತದೆ.

ಆರಿದ ಮೇಲೆ ಸಣ್ಣ ಸುತ್ತಿಗೆ ಹಿಡಿದು ಬಾಡಿಯ ನೆಲವನ್ನೆಲ್ಲ ಬಡಿದು ನೋಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ಒಳಗೆ ತಿಂದುಹೋದದ್ದು ಡಬ್ ಎಂದು ಮಂಕಾಗಿ ಕೇಳುತ್ತದೆ. ಅಲ್ಲಿ ಸ್ಕ್ರೂ ಡ್ರೈವರ್ ಒತ್ತಿ. ಮೇಲಿನ ಬಣ್ಣ ಹಪ್ಪಳದಂತೆ ಮುರಿದು, ಕೆಳಗೆ ಕಂದು ಪುಡಿ, ಅದರ ಕೆಳಗೆ ಗಾಡಿಯಡಿಯ ಮಣ್ಣು ಕಂಡರೆ ಅಲ್ಲಿ ಬಣ್ಣದ ಮಾತೇ ಇಲ್ಲ, ವೆಲ್ಡಿಂಗ್ ಬೇಕು. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ತುಂಡು ಕೂಡಿಸಬೇಕು. ತೆಳು ತಗಡಿಗೆ ಸಾದಾ ರಾಡ್ ವೆಲ್ಡಿಂಗ್ ಮಾಡಿದರೆ ಇದ್ದ ತೂತು ದೊಡ್ಡದಾಗುತ್ತದೆ. ಗ್ಯಾಸ್ ಹಾಯಿಸಿ ಸಣ್ಣ ತಂತಿಯಿಂದ ಮಾಡುವ ಸಿಒ2 ವೆಲ್ಡಿಂಗ್ ಇರುವ ಅಂಗಡಿಗೇ ಹೋಗಿ, ಒಂದೇ ಎಳೆಯಾಗಿ ಎಳೆಯದೆ ಚುಕ್ಕೆ ಚುಕ್ಕೆಯಾಗಿ ಹಾಕಲು ಹೇಳಿ, ಇಲ್ಲವಾದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಬ್ಯಾಟರಿ ವೈರ್ ಬಿಚ್ಚಿರಲಿ. ಬಾಡಿಯ ಕೆಳಗೆ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರಿಂಗ್ ಎಲ್ಲಿವೆ ಎಂದು ಬಗ್ಗಿ ನೋಡದೆ ಕಿಡಿ ಹಾರಿಸಬೇಡಿ.

ಮೇಲುಮೇಲಿನ ಜಂಗಿಗೆ ನಾಲ್ಕಿಂಚಿನ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ. ಕಬ್ಬಿಣ ಕತ್ತರಿಸುವ ಕಲ್ಲು ಬೇಡ, ಕಣ್ಣು ಮಿಟುಕಿಸುವಷ್ಟರಲ್ಲಿ ತಗಡು ತಿನ್ನುತ್ತದೆ. ತಂತಿ ಬ್ರಷ್ಷಿನ ಎಳೆಗಳು ಕಿತ್ತು ಸೂಜಿಯಂತೆ ಹಾರುತ್ತವೆ, ಕಣ್ಣಿಗೆ ಕನ್ನಡಕ ಕಡ್ಡಾಯ. ಬಳಿಕ 80 ನಂಬರಿನ ಪಾಲಿಶ್ ಪೇಪರ್, ಹಳೆ ಬಣ್ಣದ ಅಂಚಿಗೆ 180. ಕಣ್ಣು ಮುಚ್ಚಿ ಬೆರಳಾಡಿಸಿದರೆ ಅಂಚಿನ ಮೆಟ್ಟಿಲು ತಾಗಬಾರದು. ಬರಿ ಕಬ್ಬಿಣದ ಮೇಲೆ ನೀರು ಹಾಕಿ ಉಜ್ಜಬೇಡಿ, ಗಂಟೆಯೊಳಗೆ ಹೊಸ ಜಂಗು ಬರುತ್ತದೆ. ಕುಳಿಗಳ ಆಳದಲ್ಲಿ ಉಳಿದ ಜಂಗಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ತೆಳುವಾಗಿ ಹಚ್ಚಿ, ಡಬ್ಬಿ ಹೇಳಿದಷ್ಟು ಹೊತ್ತು ಬಿಡಿ. ನೆಲಕ್ಕೆ ಪುಟ್ಟಿ ತುಂಬುವ ಆಸೆ ಬೇಡ. ಮೊದಲ ಕಲ್ಲು ಬಿದ್ದ ದಿನವೇ ಅದು ಬಿರುಕು ಬಿಟ್ಟು, ಬಿರುಕಿನಲ್ಲಿ ನೀರು ಹಿಡಿಯುತ್ತದೆ. ಕುಳಿ ಕಂಡರೆ ಕಾಣಲಿ, ಸರಕು ಹೇರುವ ಗಾಡಿ ಅದು.

ಪ್ರೈಮರ್ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಅಗ್ಗದ ರೆಡ್ ಆಕ್ಸೈಡ್ ಗೇಟಿಗೆ, ಕಿಟಕಿಗೆ ಆಯಿತು. ಅದರ ಮೇಲೆ ಎರಡು ಡಬ್ಬಿ ಬೆರೆಸುವ ಪಿಯು, ಅಂದರೆ ಪಾಲಿಯೂರಿಥೇನ್ ಬಣ್ಣ ಹೊಡೆದರೆ, ಆ ಬಣ್ಣದ ಥಿನ್ನರ್ ಕೆಳಗಿನ ಪದರವನ್ನು ಮೆತ್ತಗೆ ಮಾಡಿ ಸುಕ್ಕು ಏಳಿಸುತ್ತದೆ. ಬಾಡಿಯ ಒಳಗೆ, ಎರಡು ಡಬ್ಬಿ ಬೆರೆಸಿಯೇ ಹಚ್ಚುವ ಎಪಾಕ್ಸಿ ಪ್ರೈಮರ್ರೇ ಸರಿ. ಲೆಕ್ಕ ಹೀಗೆ: ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ನೆಲ ಸುಮಾರು 50 ಚದರಡಿ. ಒಂದೂಕಾಲು ಅಡಿ ಎತ್ತರದ ನಾಲ್ಕು ಬದಿ ಸೇರಿ 36. ನೆಲದ ಏರುತಗ್ಗು ಹಿಡಿದು 95 ಎನ್ನಿ, ಅಂದರೆ ಹೆಚ್ಚುಕಡಿಮೆ ಒಂಬತ್ತು ಚದರ ಮೀಟರ್. ಎರಡು ಕೋಟು ಹಚ್ಚಲು ಎರಡರಿಂದ ಎರಡೂವರೆ ಲೀಟರ್ ಬೇಕು. ಒಮ್ಮೆಗೇ ಎಲ್ಲ ಬೆರೆಸಬೇಡಿ. ನಮ್ಮ ಬಿಸಿಲಿನಲ್ಲಿ ಬೆರೆಸಿದ್ದು ಬೇಗ ಗಟ್ಟಿಯಾಗುತ್ತದೆ, ಅರ್ಧರ್ಧ ಲೀಟರ್ ಸಾಕು. ಮೊದಲ ಕೋಟು ಆರಿದ ಮೇಲೆ ತಗಡು ಕೂಡುವ ಸಂದುಗಳಿಗೆಲ್ಲ ಪಿಯು ಸೀಲಂಟ್ ಎಳೆಯಿರಿ. ನೀರು ಒಳನುಗ್ಗುವುದು ಅಲ್ಲಿಂದಲೇ.

ಇದರ ಮೇಲೆ ದಪ್ಪ, ಒರಟು ಪಾಲಿಯೂರಿಥೇನ್ ಬೆಡ್ ಲೈನರ್ ಎಂಬ ಲೇಪವನ್ನು ರೋಲರಿನಿಂದ ಎರಡು ಕೋಟು ಹಾಕಿದರೆ ಡಬ್ಬ, ಚೀಲ ಜಾರುವುದೂ ತಪ್ಪುತ್ತದೆ. ಪ್ರೈಮರ್ ಹಚ್ಚಿ ಡಬ್ಬಿ ಹೇಳಿದ ಅವಧಿ ಮೀರಿದ್ದರೆ ಮತ್ತೆ ಒರಟು ಮಾಡಿಕೊಳ್ಳದೆ ಹಚ್ಚಬೇಡಿ, ಹಾಳೆಯಂತೆ ಕಳಚುತ್ತದೆ. ಪಿಯು ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು. ಕರವಸ್ತ್ರ ಕಟ್ಟಿದರೆ ಸಾಲದು, ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ, ಬಯಲಿನಲ್ಲಿ ಕೆಲಸ ಮಾಡಿ.

ಹೊತ್ತು ನೋಡಿಕೊಳ್ಳುವುದೂ ಮುಖ್ಯ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ತಗಡು ಮುಟ್ಟಲಾಗದಷ್ಟು ಕಾಯುತ್ತದೆ. ಹೊಡೆದ ಬಣ್ಣ ಹರಡಿಕೊಳ್ಳುವ ಮೊದಲೇ ಆರಿ ಮೇಲ್ಮೈ ನಿಂಬೆ ಸಿಪ್ಪೆಯಂತಾಗುತ್ತದೆ. ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯೊಳಗೆ ಮುಗಿಸಿ. ಖಾನಾಪುರ, ಬೆಳಗಾವಿ ಕಡೆಯವರು ಜೂನ್ ಮಳೆ ಹಿಡಿಯುವ ಮೊದಲೇ ಮಾಡಿಕೊಳ್ಳಬೇಕು. ಗಾಳಿಯಲ್ಲಿ ತೇವ 85 ಪ್ರತಿಶತ ದಾಟಿದಾಗ ಬಣ್ಣದ ಡಬ್ಬಿ ತೆರೆಯಬೇಡಿ.

ಹೊರಬದಿಯಲ್ಲಿ ಬೆರಳಿಗೆ ಬಿಳಿ ಪುಡಿ ಹತ್ತುವಷ್ಟೇ ಮಾಸಿದ್ದರೆ ಕಟಿಂಗ್ ಕಾಂಪೌಂಡ್ ತಿಕ್ಕಿದರೆ ಹೊಳಪು ಮರಳುತ್ತದೆ. ಪ್ರೈಮರ್ ಕಂಡಿದ್ದರೆ ಬಣ್ಣ ಬೇಕು. ಬಣ್ಣದ ಕೋಡ್ ಸರಿಯಿದ್ದರೂ ಬಿಸಿಲುಂಡ ಹಳೆ ಬಿಳುಪಿನ ಪಕ್ಕ ಹೊಸ ಬಿಳುಪು ತೇಪೆಯಂತೆ ಕಾಣುತ್ತದೆ. ಅದಕ್ಕೇ ಮೂಲೆಯಿಂದ ಮೂಲೆಗೆ ಇಡೀ ಬದಿಯನ್ನೇ ಹೊಡೆಯಿರಿ. ಗಾಡಿಯ ಬಣ್ಣವನ್ನೇ ಬದಲಿಸುವ ಮನಸ್ಸಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ, ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಕೆಲಸಕ್ಕಾಗಿ ಕಿತ್ತ ರಿಫ್ಲೆಕ್ಟರ್ ಟೇಪನ್ನು ಹೊಸದಾಗಿ ಅಂಟಿಸಿ.

ಹಿಂದಿನ ಬಾಗಿಲಿನ ಪಿನ್ನು, ಕೊಂಡಿಗಳಿಗೆ ಗ್ರೀಸು ಹಚ್ಚಿ ಕೂಡಿಸಿ. ಮುಚ್ಚಿಹೋದ ನೀರಿನ ತೂತುಗಳಿಗೆ ಮತ್ತೊಮ್ಮೆ ತಂತಿ ಆಡಿಸಿ. ಬಣ್ಣ ಮುಟ್ಟಲು ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ಒಂದು ವಾರ ಬೇಕು. ಬಾಡಿಗೆ ತಪ್ಪೀತೆಂದು ಮೂರನೆಯ ದಿನವೇ ಕಲ್ಲು ಹೇರಬೇಡ್ರಿ. ತೀರಾ ಅನಿವಾರ್ಯವಾದರೆ ಖಾಲಿ ದ್ರಾಕ್ಷಿ ಕ್ರೇಟು ಹೇರಿ, ಅದೂ ಕೆಳಗೆ ಹಳೆ ಗೋಣಿಚೀಲ ಹಾಸಿ, ಇಳಿಸಿದ ಕೂಡಲೇ ಚೀಲ ತೆಗೆದುಬಿಡಿ. ನಮಸ್ಕಾರ.