ಜೊತೆಗೆ ನಾಲ್ಕು ಹೆಜ್ಜೆ

ಕೇಳುಗರೇ, ನಮಸ್ಕಾರ.

ನಮ್ಮ ರಾಯಚೂರಿನಲ್ಲಿ ಬೆಳಿಗ್ಗೆ ಕೃಷಿ ವಿಶ್ವವಿದ್ಯಾಲಯದ ಕಡೆಗೋ ಮಾವಿನ ಕೆರೆ ಕಡೆಗೋ ಹೋದರೆ ವಾಕಿಂಗ್ ಮಾಡುವವರು ಸಿಗುತ್ತಾರೆ. ಗಂಡ ಹೆಂಡತಿ ಜೊತೆಯಾಗಿ ಬರುವುದು ಮಾತ್ರ ನಾನು ನೋಡಿದಂತೆ ಕಡಿಮೆ. ಯಾಕೆ ಅಂತ ಕೇಳಿದರೆ "ಆಕೆಗೆ ಬೆಳಿಗ್ಗೆ ಪುರುಸೊತ್ತೆಲ್ಲಿ?" ಅನ್ನುತ್ತಾರೆ. ನಿಜ. ರೊಟ್ಟಿ ಬಡಿಯಬೇಕು, ನಲ್ಲಿ ಬಂದರೆ ನೀರು ಹಿಡಿಯಬೇಕು, ಮಕ್ಕಳ ಡಬ್ಬಿ ಕಟ್ಟಬೇಕು. ಹಾಗಾದರೆ ಗಂಡನ ಮೊದಲ ಕೆಲಸ ಅಲ್ಲಿದೆ. ನೀರು ಹಿಡಿಯಿರಿ, ಪಲ್ಯಕ್ಕೆ ಹೆಚ್ಚಿಕೊಡಿ. ಅರ್ಧ ಗಂಟೆ ಸಿಕ್ಕೇ ಸಿಗುತ್ತದೆ. ಹೊಸ ಬೂಟಿನ ಮಾತು ಆಮೇಲೆ.

ಜೊತೆಗೇ ಯಾಕೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇಂಗ್ಲೆಂಡಿನ 3,700ಕ್ಕೂ ಹೆಚ್ಚು ಜೋಡಿಗಳ ವಿವರ ನೋಡಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವ್ಯಾಯಾಮ ಮಾಡದ ಗಂಡಸರಲ್ಲಿ, ಹೆಂಡತಿಯೂ ಶುರು ಮಾಡಿದಾಗ 100ಕ್ಕೆ 67 ಮಂದಿ ತಾವೂ ಶುರು ಮಾಡಿದ್ದರು. ಹೆಂಡತಿ ಸುಮ್ನೆ ಕೂತಿದ್ದ ಕಡೆ 26 ಮಂದಿ ಮಾತ್ರ. ಒಬ್ಬರು ಎದ್ದರೆ ಇನ್ನೊಬ್ಬರಿಗೆ ಹಾಸಿಗೆಯಲ್ಲಿ ಉಳಿಯುವುದು ಕಷ್ಟ, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಅನ್ನುತ್ತದೆ. ಚುರುಕು ಎಷ್ಟಿರಬೇಕು ಅಂತ ಗಡಿಯಾರ ನೋಡಬೇಕಿಲ್ಲ. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಪಕ್ಕದಲ್ಲಿ ಮಾತಾಡುವವರಿದ್ದರೆ ಈ ಅಳತೆ ಎಷ್ಟು ಸಲೀಸು! ಮನೆಯಲ್ಲಿ ಹತ್ತು ಜನರ ನಡುವೆ ಆಡಲಾಗದ ಮಾತೂ ಅಲ್ಲಿ ಹೊರಬರುತ್ತದೆ. ನನಗೆ ಅದೇ ದೊಡ್ಡ ಲಾಭ ಅನ್ನಿಸುತ್ತದೆ.

ಒಂದು ಮಾತು ಗಂಡಸರಿಗೆ. ದಯವಿಟ್ಟು ಹತ್ತು ಮಾರು ಮುಂದೆ ಹೋಗಿ ನಿಂತು "ಬೇಗ ಬಾ" ಅನ್ನಬೇಡಿ. ನಿಧಾನ ಇರುವವರ ಹೆಜ್ಜೆಗೆ ಇನ್ನೊಬ್ಬರು ಹೊಂದಿಕೊಳ್ಳಬೇಕು. ನಿಧಾನ ಇರುವವರು ಹೆಂಡತಿಯೇ ಆಗಬೇಕೆಂದಿಲ್ಲ. ಮಂಡಿ ನೋವಿರುವವರನ್ನು ಅಂಜನಾದ್ರಿಯ 575 ಮೆಟ್ಟಿಲು ಹತ್ತಿಸಿ ಶುರು ಮಾಡಲೂಬೇಡಿ. ಸಮತಟ್ಟಾದ ರಸ್ತೆ ಸಾಕು.

ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಬೇಕು. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯಬಹುದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರಬಹುದು. ಎದುರುಬದುರು ನಿಂತು ಎಣಿಸಿದರೆ ಬೇಸರವಾಗುವುದಿಲ್ಲ.

ನಮ್ಮ ಬಿಸಿಲಿನ ವಿಷಯ ಹೇಳಲೇಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಇದು. ಸೂರ್ಯ ಮೇಲೇರುವ ಮುಂಚೆ ಮುಗಿಸಿ. ಆಗದಿದ್ದರೆ ರಾತ್ರಿ ಊಟದ ನಂತರ ನಿಧಾನವಾಗಿ ಓಡಾಡಿ. ಊಟವಾದ ಮೇಲಿನ ಸಣ್ಣ ನಡಿಗೆ ರಕ್ತದಲ್ಲಿ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಜೊತೆಗಾರರ ಜೇಬಿನಲ್ಲಿ ಸಕ್ಕರೆ ಇರಲಿ. ನಡುಕ, ತಣ್ಣನೆ ಬೆವರು ಕಂಡರೆ ಕೂಡಲೇ ಕೊಡಿ. ಎದೆ ಹಿಡಿದಂತಾದರೆ ನಡಿಗೆ ನಿಲ್ಲಿಸಿ, ತಡಮಾಡದೆ 108ಕ್ಕೆ ಕರೆ ಮಾಡಿ.

ನಮಸ್ಕಾರ.