ಉಚಿತಕ್ಕೆ ಕಾರ್ಡ್ ನಂಬರ್ ಏಕೆ?

ನಮಸ್ಕಾರ. ಇವತ್ತು ಒಂದೇ ಒಂದು ಪ್ರಶ್ನೆ. ಆ್ಯಪಿನ ಚಂದಾವನ್ನು ಏಳು ದಿನ ಉಚಿತವಾಗಿ ಕೊಡುತ್ತೇನೆ ಎನ್ನುವವನಿಗೆ ನನ್ನ ಕ್ರೆಡಿಟ್ ಕಾರ್ಡಿನ ನಂಬರು, ಅದರ ಹಿಂಬದಿಯ ಮೂರಂಕಿ, ಮೇಲೊಂದು ಒಟಿಪಿ, ಇಷ್ಟೆಲ್ಲ ಏಕೆ ಬೇಕು? ಸಂತೆಯಲ್ಲಿ ಮಾವಿನಹಣ್ಣಿನವನು ಒಂದು ಹೋಳು ಕೊಯ್ದು, ರುಚಿ ನೋಡಿ ಎಂದು ಕೊಡುತ್ತಾನೆ. ಹಿಡಿಸಿದರೆ ಕೊಳ್ಳುತ್ತೇವೆ, ಇಲ್ಲವಾದರೆ ಮುಂದಿನ ಅಂಗಡಿಗೆ ಹೋಗುತ್ತೇವೆ. ಹೋಳು ಕೊಡುವ ಮೊದಲು ಅವನು ನಮ್ಮ ಪರ್ಸನ್ನು ಕೇಳುವುದಿಲ್ಲ.

ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಏಳು ದಿನ ಮುಗಿಯುವ ಮೊದಲು ಚಂದಾ ರದ್ದು ಮಾಡದಿದ್ದರೆ ಕಾರ್ಡಿನಿಂದ ದುಡ್ಡು ತಾನಾಗಿ ಕಡಿತವಾಗುತ್ತದೆ, ರದ್ದು ಮಾಡುವುದನ್ನು ನಾವು ಮರೆಯುತ್ತೇವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಎಂಟನೆಯ ದಿನ ಮಕ್ಕಳ ಪರೀಕ್ಷೆ ಇರುತ್ತದೆ, ಮನೆಗೆ ನೆಂಟರು ಬಂದಿರುತ್ತಾರೆ, ಕಚೇರಿಯಲ್ಲಿ ಕೆಲಸ ತಲೆಯ ಮೇಲೆ ಬಿದ್ದಿರುತ್ತದೆ. ಆ ಮರೆವನ್ನೇ ಲೆಕ್ಕಕ್ಕೆ ಹಿಡಿದು ವ್ಯಾಪಾರ ಕಟ್ಟಿದ್ದಾರೆ. ಹಾಗಾಗಿ, ದುಡ್ಡು ಹೋದ ಮೇಲೆ ‘ಷರತ್ತು ಓದಬೇಕಿತ್ತು, ದಿನಾಂಕ ಬರೆದಿಟ್ಟುಕೊಳ್ಳಬೇಕಿತ್ತು’ ಎಂದು ಬುದ್ಧಿ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಳ್ಳ ತೋಡಿದವನನ್ನು ಬಿಟ್ಟು ಬಿದ್ದವನನ್ನು ಬೈದರೆ ಏನು ಬಂತು?

ಇದು ಕ್ರೆಡಿಟ್ ಕಾರ್ಡ್ ಇರುವವರ ತಾಪತ್ರಯ ಮಾತ್ರ ಎಂದುಕೊಳ್ಳಬೇಡಿ. 2020ರಲ್ಲಿ ಯುಪಿಐಗೂ ಆಟೋಪೇ ಬಂತು, ಅಂದರೆ ಒಮ್ಮೆ ಅನುಮತಿ ಕೊಟ್ಟರೆ ದುಡ್ಡು ತಾನಾಗಿ ಕಡಿತವಾಗುತ್ತಾ ಹೋಗುವ ವ್ಯವಸ್ಥೆ. ವಿದ್ಯುತ್ ಬಿಲ್ಲು, ವಿಮೆಯ ಕಂತು, ಮ್ಯೂಚುವಲ್ ಫಂಡಿನ ಕಂತು (ಎಸ್‌ಐಪಿ) ಇಂಥವಕ್ಕೆ ಅದು ನಿಜಕ್ಕೂ ಅನುಕೂಲ. ಆದರೆ ಅದೇ ಬಾಗಿಲಿನಿಂದ ‘ಒಂದು ರೂಪಾಯಿ ಟ್ರಯಲ್’ ಕೂಡ ಒಳಗೆ ಬಂತು.

ನಮ್ಮ ಚಿಕ್ಕಮ್ಮನ ಫೋನಿನಲ್ಲಿ ಅಂಥದೊಂದು ಪರದೆಯನ್ನು ನಾನು ನಿಧಾನವಾಗಿ ನೋಡಿದೆ. ಅದು ಜಾತಕ ಹೇಳುವ ಆ್ಯಪ್. ನಟ್ಟ ನಡುವೆ, ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ ಒಂದು ರೂಪಾಯಿ ಎಂದಿದೆ. ಅದರ ಕೆಳಗೆ ತೆಳು ಬೂದು ಬಣ್ಣದಲ್ಲಿ, ಇಂಗ್ಲಿಷಿನಲ್ಲಿ, ಮೂರು ಸಂಗತಿಗಳು: ಪ್ರತಿ ತಿಂಗಳು, ಗರಿಷ್ಠ ಇಷ್ಟು ಮೊತ್ತ, ಇಂಥ ದಿನಾಂಕದವರೆಗೆ. ಆ ದಿನಾಂಕ ದಶಕಗಳಾಚೆ ಇತ್ತು. ಅದರ ಕೆಳಗೆ ಪರದೆಯ ಅಗಲಕ್ಕೂ ಚಾಚಿದ ಹಸಿರು ಬಟನ್. ಚಿಕ್ಕಮ್ಮ ಹೇಳಿದ್ದು ಇಷ್ಟೇ: “ಒಂದು ರೂಪಾಯಿ ತಾನೇ, ಹೋದರೆ ಹೋಗಲಿ ಎಂದುಕೊಂಡೆನಪ್ಪ.” ಅವರು ಪಿನ್ ಒತ್ತಿದ್ದು ಒಂದು ರೂಪಾಯಿಗೆ ಎಂದು ತಿಳಿದು. ಕೊಟ್ಟದ್ದು ಮಾತ್ರ ವರ್ಷಾನುಗಟ್ಟಲೆ ದುಡ್ಡು ತೆಗೆದುಕೊಳ್ಳುವ ಪರವಾನಗಿ. ಇಷ್ಟವಾಗದೆ ಆ್ಯಪನ್ನು ಫೋನಿನಿಂದ ತೆಗೆದೂ ಹಾಕಿದ್ದರು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು. ಮುಗಿಯುವುದಿಲ್ಲ. ಈ ಮಾತನ್ನು ಮನೆಯ ಹಿರಿಯರಿಗೆ ದಯವಿಟ್ಟು ತಿಳಿಸಿ: ಅನುಮತಿ ಇರುವುದು ಆ್ಯಪಿನಲ್ಲಿ ಅಲ್ಲ, ಬ್ಯಾಂಕು ಮತ್ತು ಯುಪಿಐ ವ್ಯವಸ್ಥೆಯಲ್ಲಿ. ಆ್ಯಪ್ ಹೋದರೂ ಕಡಿತ ನಿಲ್ಲುವುದಿಲ್ಲ.

ಹಾಗಾದರೆ ಕಾನೂನು ಇಲ್ಲವೇ? ಇದೆ, ಅದೇ ನನಗೆ ಹೆಚ್ಚು ಸಂಕಟ ತರುವ ವಿಷಯ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ‘ಡಾರ್ಕ್ ಪ್ಯಾಟರ್ನ್’ಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಗ್ರಾಹಕರನ್ನು ಮರುಳು ಮಾಡುವ 13 ಬಗೆಯ ಪರದೆ ತಂತ್ರಗಳನ್ನು ಅದರಲ್ಲಿ ಹೆಸರಿಸಿದ್ದಾರೆ. ಅವುಗಳಲ್ಲೊಂದು ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’, ಅಂದರೆ ಚಂದಾ ಬಲೆ. ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು, ಅದನ್ನು ಸುತ್ತುಬಳಸು ಮಾಡುವುದು ಇವೆಲ್ಲ ಅದರೊಳಗೆ ಬರುತ್ತವೆ. ಜೊತೆಗೆ ಇನ್ನೊಂದು ಸಾಲಿದೆ: ಉಚಿತ ಚಂದಾ ಪಡೆಯಲು ಪಾವತಿಯ ವಿವರವನ್ನೋ ಆಟೋ ಡೆಬಿಟ್ ಅನುಮತಿಯನ್ನೋ ಕೊಡಲೇಬೇಕೆಂದು ಒತ್ತಾಯಿಸುವುದು ಕೂಡ ಬಲೆಯೇ. ಎಂದರೆ ನಾನು ಆರಂಭದಲ್ಲಿ ಕೇಳಿದ ಪ್ರಶ್ನೆಯನ್ನು ಸರ್ಕಾರವೇ ಕೇಳಿ, ಹಾಗೆ ಕೇಳುವಂತಿಲ್ಲ ಎಂದು ಉತ್ತರವನ್ನೂ ಬರೆದಿಟ್ಟಿದೆ. ಇಷ್ಟಾದರೂ ‘ಟ್ರಯಲ್ ಆರಂಭಿಸಲು ಕಾರ್ಡ್ ಸೇರಿಸಿ’ ಎನ್ನುವ ಪರದೆ ಇವತ್ತಿಗೂ ದಂಡಿಯಾಗಿ ಸಿಗುತ್ತದೆ.

ರಿಸರ್ವ್ ಬ್ಯಾಂಕಿನ ನಿಯಮ ಇದಕ್ಕಿಂತ ಹಳೆಯದು. 2019ರ ಆಗಸ್ಟ್‌ನಲ್ಲಿ ಹೊರಟ ಸುತ್ತೋಲೆ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಗೆ ಬಂತು. ಕಾರ್ಡಿನಿಂದ ಮರುಕಳಿಸುವ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ನಮಗೆ ತಿಳಿಸಬೇಕು. ಯಾರಿಗೆ, ಎಷ್ಟು, ಯಾವಾಗ ಎಂದು ಹೇಳಬೇಕು, ಬೇಡವೆನ್ನಲು ಅವಕಾಶ ಕೊಡಬೇಕು. ಇದಕ್ಕೆ ನಾನು ರಿಸರ್ವ್ ಬ್ಯಾಂಕನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಸಂದೇಶ ಬರುವುದು ಹೇಗೆ? ಸಾಲದ ಆಮಿಷ, ಸೀರೆ ರಿಯಾಯಿತಿ, ರೀಚಾರ್ಜ್ ನೆನಪೋಲೆಗಳ ನಡುವೆ, ಇಂಗ್ಲಿಷಿನಲ್ಲಿ. ಸುತ್ತೋಲೆಯಲ್ಲಿ ‘ಅರ್ಥವಾಗುವ ಭಾಷೆಯಲ್ಲಿ’ ಎಂಬ ಮಾತು ಸ್ಪಷ್ಟವಾಗಿಯೇ ಇದೆ. ನಮ್ಮ ಚಿಕ್ಕಮ್ಮನಂಥವರಿಗೆ ಅರ್ಥವಾಗುವ ಭಾಷೆ ಕನ್ನಡ. ಜಾಹೀರಾತು ತೋರಿಸುವಾಗ ಅಚ್ಚಗನ್ನಡದಲ್ಲಿ ಕರೆಯುತ್ತಾರೆ, ದುಡ್ಡು ಕಡಿಯುವ ಮುನ್ನಾದಿನ ಮಾತ್ರ ಇಂಗ್ಲಿಷಿಗೆ ಹೋಗುತ್ತಾರೆ. ಇದನ್ನು ಬ್ಯಾಂಕುಗಳು ಸರಿಪಡಿಸಲೇಬೇಕು. ₹15,000ದವರೆಗಿನ ಕಡಿತಕ್ಕೆ ಮೊದಲ ಸಲ ಬಿಟ್ಟರೆ ಮತ್ತೆ ಒಟಿಪಿ ಕೇಳದ ವ್ಯವಸ್ಥೆಯಲ್ಲಿ ಆ ಒಂದು ಸಂದೇಶವೇ ನಮಗಿರುವ ಕಾವಲು.

ಅಮೆರಿಕದಲ್ಲಿ ಏನಾಯಿತು ನೋಡಿ. ಪ್ರೈಮ್ ಸದಸ್ಯತ್ವಕ್ಕೆ ಜನರನ್ನು ಸರಿಯಾದ ಒಪ್ಪಿಗೆಯಿಲ್ಲದೆ ಸೇರಿಸಿಕೊಂಡು, ಹೊರಹೋಗುವುದನ್ನು ಕಷ್ಟ ಮಾಡಿದ ಆರೋಪ ಅಮೆಜಾನ್ ಮೇಲೆ ಬಂತು. ರದ್ದು ಮಾಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆ ದಾಟಬೇಕಿತ್ತು ಎಂದು ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದೂರಿತು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ, ತಪ್ಪೊಪ್ಪಿಕೊಳ್ಳದೆಯೇ, 250 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದರಲ್ಲಿ 150 ಕೋಟಿ ಡಾಲರ್ ಗ್ರಾಹಕರಿಗೆ ಮರಳಿಸಲು. ಜರ್ಮನಿಯಲ್ಲಿ 2022ರ ಜುಲೈನಿಂದ ಆನ್‌ಲೈನ್ ಚಂದಾ ಮಾರುವವರ ಜಾಲತಾಣದಲ್ಲಿ ರದ್ದು ಮಾಡುವ ಬಟನ್ ಎದ್ದು ಕಾಣುವಂತೆ ಇರಲೇಬೇಕು. ದಂಡದ ಭಯವಿದ್ದ ಕಡೆ ಬಟನ್ ತಾನಾಗಿ ಮೇಲೆ ಬರುತ್ತದೆ.

ಈಗ ನಿಮ್ಮ ಫೋನ್ ತೆಗೆಯಿರಿ. ಯುಪಿಐ ಆ್ಯಪಿನಲ್ಲಿ ‘ಆಟೋಪೇ’ ವಿಭಾಗವಿದೆ, ಕಾರ್ಡಿನ ಇ-ಮ್ಯಾಂಡೇಟ್‌ಗಳು, ಅಂದರೆ ತಾನಾಗಿ ಕಡಿಯಲು ಕೊಟ್ಟ ಅನುಮತಿಗಳು, ನಿಮ್ಮ ಬ್ಯಾಂಕಿನ ಆ್ಯಪಿನಲ್ಲೋ ನೆಟ್‌ಬ್ಯಾಂಕಿಂಗ್‌ನಲ್ಲೋ ಸಿಗುತ್ತವೆ. ಗುರುತೇ ಇಲ್ಲದ ಹೆಸರು ಕಂಡರೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ರದ್ದು. ಹೋದ ಹಣಕ್ಕಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು. ಕಾರ್ಡಿನ ಕಡಿತಕ್ಕೆ ಮುನ್ಸೂಚನೆ ಬಂದೇ ಇಲ್ಲವಾದರೆ ಉತ್ತರ ಕೊಡಬೇಕಾದದ್ದು ಬ್ಯಾಂಕು. ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಿ. ನೂರೋ ಇನ್ನೂರೋ ರೂಪಾಯಿ ಎಂದು ಬಿಟ್ಟುಬಿಡಬೇಡಿ. ಎಲ್ಲರೂ ಹಾಗೆ ಬಿಟ್ಟುಬಿಡುತ್ತಾರೆ ಎಂಬುದು ಕೂಡ ಅವರ ಲೆಕ್ಕದಲ್ಲಿ ಸೇರಿದೆ.

ಇನ್ನೊಂದು ಮಾತು ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಇಂಥ ಪರದೆಗಳನ್ನು ರೂಪಿಸುವವರಿಗೆ. ನಿಮ್ಮಲ್ಲಿ ಕನ್ನಡಿಗರಿದ್ದೀರಿ, ಈ ಮಾತನ್ನು ಕೇಳುತ್ತಲೂ ಇರಬಹುದು. ಮುಂದಿನ ಮೀಟಿಂಗ್‌ನಲ್ಲಿ ಯಾರಾದರೂ ರದ್ದು ಮಾಡುವ ಬಟನ್ನನ್ನು ಇನ್ನೊಂದು ಪುಟದ ಒಳಗೆ ಇಡೋಣ ಎಂದರೆ, 2023ರ ಆ ಮಾರ್ಗಸೂಚಿಯನ್ನು ತೆರೆದು, ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ಎಂಬ ಭಾಗವನ್ನು ಎಲ್ಲರಿಗೂ ಕೇಳುವಂತೆ ಓದಿ.