ಗಿಟಾರನ್ನು ತಲೆಕೆಳಗಾಗಿ ಹಿಡಿದ ಅಜ್ಜಿ

[ಗಿಟಾರಿನ ಕ್ಲೋಸಪ್. ಎರಡು ಸಾಲು ನುಡಿಸಿ ನಿಲ್ಲಿಸುವುದು.]

ಈಗ ಕೇಳಿದ್ರಲ್ಲ, ಈ ಸ್ವರ ನೆನಪಿಟ್ಕೊಳ್ಳಿ. ಕೊನೇಲಿ ಇದೇ ಸಾಲನ್ನು ಇನ್ನೊಂದು ಥರ ನುಡಿಸಿ ತೋರಿಸ್ತೀನಿ.

ಹೋದ ತಿಂಗಳ ವಿಡಿಯೋ ನೋಡಿ ಒಬ್ಬ ತಾಯಿ ನನಗೆ ಬರೆದಿದ್ದರು. ಅವರ ಮಗಳು ಎಡಚಿ. ಗಿಟಾರ್ ಕ್ಲಾಸಲ್ಲಿ ಬಲಗೈಲೇ ಮೀಟಬೇಕು ಅಂತ ಹೇಳಿಕೊಡ್ತಾರಂತೆ. ಹುಡುಗಿ ಅಲ್ಲಿ ಹಾಗೇ ನುಡಿಸ್ತಾಳೆ, ಮನೆಗೆ ಬಂದ ತಕ್ಷಣ ಗಿಟಾರ್ ತಿರುಗಿಸಿ ಹಿಡಿದು ಕೂತ್ಕೋತಾಳಂತೆ. ಬೈಯಬೇಕಾ, ಹೊಸ ಗಿಟಾರ್ ಕೊಡಿಸಬೇಕಾ ಅಂತ ಅವರ ಪ್ರಶ್ನೆ. ಅದನ್ನು ಓದಿದ ಕೂಡಲೇ ನನಗೆ ಒಬ್ಬ ಅಜ್ಜಿ ನೆನಪಾದರು. ಹೆಸರು ಎಲಿಜಬೆತ್ ಕಾಟನ್, ಎಲ್ಲರೂ ಕರೆಯೋದು ಲಿಬ್ಬಾ ಅಂತ. ಗಿಟಾರ್ ಕಲಿಯೋರು ಇವರ ಒಂದು ಹಾಡನ್ನಾದರೂ ಎಲ್ಲೋ ಒಂದು ಕಡೆ ಕಲಿತೇ ಇರ್ತಾರೆ. ಬರೆದವರು ಯಾರು ಅಂತ ಗೊತ್ತಿರೋದು ಮಾತ್ರ ಕಡಿಮೆ ಜನಕ್ಕೆ.

ಬೇಗ ಬೇಗ ಹುಟ್ಟೂರಿನ ಕಥೆ ಹೇಳಿಬಿಡ್ತೀನಿ. 1893, ಅಮೆರಿಕದ ನಾರ್ತ್ ಕ್ಯಾರೊಲಿನಾ, ಕಾರ್‌ಬರೋ ಅನ್ನೋ ಸಣ್ಣ ಊರು. ಕಪ್ಪು ಜನರ ಬಡ ಕುಟುಂಬ, ಮನೆ ಹತ್ತಿರವೇ ರೈಲು ಹಳಿ. ಅಣ್ಣನ ಹತ್ತಿರ ಒಂದು ಬ್ಯಾಂಜೋ ಇತ್ತು, ಗಿಟಾರಿನ ಥರ ಹಿಡಿದು ಮೀಟೋ ತಂತಿ ವಾದ್ಯ. ಅವನು ಕೆಲಸಕ್ಕೆ ಹೋಗೋದನ್ನೇ ಕಾಯ್ತಾ ಇದ್ದು ಅದನ್ನು ಎತ್ತಿಕೊಂಡು ನುಡಿಸೋಳು. ಆಮೇಲೆ ಅಣ್ಣ ಬ್ಯಾಂಜೋ ಸಮೇತ ಊರು ಬಿಟ್ಟ. ಅಷ್ಟರಲ್ಲಿ ಇವಳಿಗೆ ರುಚಿ ಹತ್ತಿಬಿಟ್ಟಿತ್ತು. ಶಾಲೆ ಬಿಟ್ಟು ಮನೆಗೆಲಸಕ್ಕೆ ಸೇರಿಕೊಂಡಳು, ಸಂಬಳ ತಿಂಗಳಿಗೆ 75 ಸೆಂಟ್. ಆ ದುಡ್ಡು ಕೂಡಿಟ್ಟು 3 ಡಾಲರ್ 75 ಸೆಂಟಿನ ಗಿಟಾರ್ ತಗೊಂಡಳು. ಲೆಕ್ಕ ಹಾಕಿ. ಒಂದು ಪೈಸೆ ಖರ್ಚು ಮಾಡದೆ ಐದು ತಿಂಗಳು ಬೇರೆಯವರ ಮನೆಯ ನೆಲ ಒರೆಸಿ, ಪಾತ್ರೆ ತೊಳೆದ ದುಡ್ಡು ಅದು.

ಈಗ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ನನಗೆ ಇಡೀ ಕಥೇಲಿ ತುಂಬಾ ಇಷ್ಟವಾದ ಭಾಗ ಇದು.

[ಗಿಟಾರ್ ಎತ್ತಿ ಕ್ಯಾಮೆರಾ ಹತ್ತಿರ ಹಿಡಿಯುವುದು.]

ನೋಡಿ, ಆರು ತಂತಿ. ನನ್ನ ಗಲ್ಲದ ಕಡೆ ದಪ್ಪ ತಂತಿ, ನೆಲದ ಕಡೆ ಸಣ್ಣ ತಂತಿ. ಎಡಗೈ ಒತ್ತೋದು, ಬಲಗೈ ಮೀಟೋದು. ಬಲಗೈ ಹೆಬ್ಬೆರಳು ಸಹಜವಾಗಿ ದಪ್ಪ ತಂತಿಗಳ ಮೇಲೆ ಬಂದು ಕೂರುತ್ತೆ, ಹಾಗಾಗಿ ಅದರ ಕೆಲಸ 'ಧುಂ... ಧುಂ...' ಅಂತ ಬೇಸ್, ಅಂದ್ರೆ ತಗ್ಗಿನ ಸ್ವರ ಹಾಕೋದು. ಉಳಿದ ಬೆರಳು ಸಣ್ಣ ತಂತಿಗಳ ಮೇಲೆ, ಹಾಡಿನ ಮಟ್ಟು ಅವುಗಳ ಪಾಲು. ಜಗತ್ತಿನ ಗಿಟಾರ್ ಪುಸ್ತಕಗಳೆಲ್ಲ ಹೇಳಿಕೊಡೋದು ಹೀಗೇ.

ಈಗ ತಿರುಗಿಸ್ತೀನಿ. ತಂತಿ ಬದಲಾಯಿಸಲ್ಲ, ಸುಮ್ನೆ ಆ ಕಡೆಯಿಂದ ಈ ಕಡೆಗೆ. ಈಗ ಬಲಗೈ ಒತ್ತುತ್ತೆ, ಎಡಗೈ ಮೀಟುತ್ತೆ. ದಪ್ಪ ತಂತಿ ಎಲ್ಲಿ ಹೋಯ್ತು? ನೆಲದ ಕಡೆ. ನನ್ನ ಹೆಬ್ಬೆರಳ ಕೆಳಗೆ ಬಂದಿರೋದು ಆ ಸಣ್ಣ ತಂತಿಗಳು. ಅಂದ್ರೆ ಮಟ್ಟು ನುಡಿಸೋ ಕೆಲಸ ಹೆಬ್ಬೆರಳಿಗೆ ಬಿತ್ತು, ಬೇಸ್ ಹಾಕೋ ಕೆಲಸ ತೋರುಬೆರಳಿಗೆ ಹೋಯ್ತು. ಮನೆ ಯಜಮಾನ ಮತ್ತು ಮಕ್ಕಳು ಕೆಲಸ ಅದಲುಬದಲು ಮಾಡಿಕೊಂಡ ಹಾಗೆ. ಲಿಬ್ಬಾ ನುಡಿಸಿದ್ದು ಹೀಗೇ, ಜೀವನಪೂರ್ತಿ.

ನಾನು ಇದನ್ನು ಯೋಚನೆ ಮಾಡೋದು ಒಂದು ಪುಸ್ತಕದ ಉದಾಹರಣೆಯಿಂದ. ನಾಲ್ಕು ಮಕ್ಕಳು, ಒಂದೇ ಪಠ್ಯಪುಸ್ತಕ, ಸುತ್ತ ಕೂತು ಓದ್ತಾ ಇದ್ದಾರೆ ಅಂದ್ಕೊಳ್ಳಿ. ಮೂರು ಮಕ್ಕಳು ಈ ಕಡೆ ಒತ್ತಿಕೊಂಡು ಕೂತಿದ್ದಾರೆ, ಜಾಗ ಸಿಗದ ಕೊನೇ ಮಗು ಎದುರಿಗೆ ಕೂತಿದೆ. ಆ ಮಗುವಿಗೆ 'ಅ' ಕಾಣೋದು ತಲೆಕೆಳಗಾಗಿ, 'ಆ' ಕಾಣೋದೂ ತಲೆಕೆಳಗಾಗಿ. ಅದು ಹಾಗೇ ಕಲಿಯುತ್ತೆ. ವರ್ಷ ಮುಗಿಯೋ ಹೊತ್ತಿಗೆ ಉಳಿದ ಮೂವರಷ್ಟೇ ಸರಾಗವಾಗಿ ಓದುತ್ತೆ. ನೀವು ಹೋಗಿ ಪುಸ್ತಕವನ್ನು 'ಸರಿಯಾಗಿ' ತಿರುಗಿಸಿಟ್ಟರೆ ಆಗ ತಡವರಿಸುತ್ತೆ. ಆ ಮಗುವಿನ ಕಣ್ಣಿಗೆ ಸರಿ ಇರೋದು ಅದು ಕಲಿತ ಕಡೆ. ಲಿಬ್ಬಾಗೂ ಹಾಗೇ. ಎದುರು ಕೂತು ತಿದ್ದೋಕೆ ಅವಳಿಗೆ ಮೇಷ್ಟ್ರೂ ಇರಲಿಲ್ಲ, ಪಾಠದ ಪುಸ್ತಕವೂ ಇರಲಿಲ್ಲ.

ತಂತಿ ಬಿಚ್ಚಿ ಉಲ್ಟಾ ಕಟ್ಟಿಕೊಳ್ಳಬಹುದಿತ್ತಲ್ಲ ಅಂತ ಕೇಳ್ತೀರಿ. ಗಿಟಾರಲ್ಲಿ ಕಟ್ಟಬಹುದು. ಆದರೆ ಅವಳ ಕೈ ಮೊದಲು ಪಳಗಿದ್ದು ಐದು ತಂತಿ ಬ್ಯಾಂಜೋ ಮೇಲೆ. ಆ ಬ್ಯಾಂಜೋದಲ್ಲಿ ನಾಲ್ಕು ತಂತಿಗಳ ಬಿರಡೆ ತುದೀಲಿ ಇರುತ್ತೆ, ಐದನೇ ತಂತಿ ಗಿಡ್ಡ, ಅದರ ಬಿರಡೆ ಮಾತ್ರ ಕೋಲಿನ ಅರ್ಧದಲ್ಲಿ, ಒಂದು ಪಕ್ಕಕ್ಕೆ ಕೂತಿರುತ್ತೆ. ಅದನ್ನು ಕಿತ್ತು ಆ ಪಕ್ಕಕ್ಕೆ ಹಾಕೋಕಾಗಲ್ಲ. ಸಾಲದ್ದಕ್ಕೆ ಬ್ಯಾಂಜೋ ಅಣ್ಣನದು! ಅವನು ಸಂಜೆ ಬರೋ ಹೊತ್ತಿಗೆ ಇದ್ದ ಜಾಗದಲ್ಲಿ ಇದ್ದ ಹಾಗೇ ಇರಬೇಕು. ಗಿಟಾರ್ ಕೈಗೆ ಬರೋ ಹೊತ್ತಿಗೆ ಬೆರಳಿಗೆ ಆ ಅಭ್ಯಾಸ ಕೂತುಬಿಟ್ಟಿತ್ತು ಅನ್ನೋದು ನನ್ನ ಅಂದಾಜು.

ಕೆಲವರಿಗೆ ಈಗ ಎಡಗೈಲಿ ನುಡಿಸ್ತಿದ್ದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ನೆನಪಾಗಿರ್ತಾರೆ. ಒಂದು ವ್ಯತ್ಯಾಸ ಇದೆ. ಹೆಂಡ್ರಿಕ್ಸ್ ಬಲಗೈ ಗಿಟಾರ್ ತಿರುಗಿಸಿ ಹಿಡಿದರೂ ತಂತಿಗಳನ್ನು ಬಿಚ್ಚಿ ಮತ್ತೆ ದಪ್ಪದ್ದು ಮೇಲೆ ಬರೋ ಹಾಗೆ ಕಟ್ಟಿಕೊಳ್ತಿದ್ದರು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಕೂಡ ತಂತಿ ಬದಲಾಯಿಸಿಕೊಂಡವರೇ. ಲಿಬ್ಬಾ ಥರ ಇದ್ದದ್ದನ್ನು ಇದ್ದ ಹಾಗೇ ತಿರುಗಿಸಿದವರು ಬ್ಲೂಸ್ ದೈತ್ಯ ಆಲ್ಬರ್ಟ್ ಕಿಂಗ್. ಉಳಿದವರು ಸಣ್ಣ ತಂತಿಯನ್ನು ಮೇಲಕ್ಕೆ ತಳ್ಳಿ ಸ್ವರ ಬಾಗಿಸಿದರೆ ಅವರು ಕೆಳಕ್ಕೆ ಎಳೆದು ಬಾಗಿಸೋರು. ಆ ಎಳೆತದ ಸದ್ದೇ ಬೇರೆ.

ಸರಿ, ಆ ಗಿಟಾರಲ್ಲಿ ಲಿಬ್ಬಾ ಏನು ಮಾಡಿದಳು? ಹನ್ನೊಂದು ಹನ್ನೆರಡು ವಯಸ್ಸಿಗೆ ಒಂದು ಹಾಡು ಕಟ್ಟಿದಳು. ಹೆಸರು 'ಫ್ರೈಟ್ ಟ್ರೈನ್', ಗೂಡ್ಸ್ ಗಾಡಿ. ಮನೆ ಪಕ್ಕದ ಹಳಿ ಮೇಲೆ ಹೋಗೋ ಗಾಡಿಯ ಹಾಡು. ಸತ್ತ ಮೇಲೂ ಆ ಗಾಡಿ ಸದ್ದು ಕೇಳೋ ಜಾಗದಲ್ಲೇ ನನ್ನ ಮಣ್ಣು ಮಾಡಿ ಅನ್ನೋ ಮಾತು ಅದರಲ್ಲಿ ಬರುತ್ತೆ. ಹನ್ನೆರಡು ವರ್ಷದ ಹುಡುಗಿ ಇದನ್ನು ಬರೆದಳು ಅನ್ನೋದನ್ನು ನೆನೆಸಿಕೊಂಡಾಗೆಲ್ಲ ನನಗೆ ಮೈ ಜುಂ ಅನ್ನುತ್ತೆ.

ಆಮೇಲೆ ಹದಿಹರೆಯದಲ್ಲೇ ಮದುವೆ, ಒಬ್ಬಳು ಮಗಳು. ಇಂಥ ಲೌಕಿಕ ಹಾಡೆಲ್ಲ ಬೇಡ ಅಂತ ಚರ್ಚಿನವರು ಹೇಳಿದರು. ಗಿಟಾರ್ ಮೂಲೆ ಸೇರಿತು. ದಶಕಗಳು ಕಳೆದವು.

[ವಾಷಿಂಗ್ಟನ್ ನಗರದ ಹಳೇ ಫೋಟೋ.]

1940ರ ದಶಕದಲ್ಲಿ ಲಿಬ್ಬಾ ವಾಷಿಂಗ್ಟನ್‌ನಲ್ಲಿದ್ದರು. ಆಗ ಐವತ್ತು ದಾಟಿದ ಹೆಂಗಸು. ಲ್ಯಾನ್ಸ್‌ಬರ್ಗ್ಸ್ ಅನ್ನೋ ದೊಡ್ಡ ಅಂಗಡೀಲಿ ಕೆಲಸ. ಒಂದು ದಿನ ಅಂಗಡೀಲಿ ಪೆಗ್ಗಿ ಅನ್ನೋ ಹುಡುಗಿ ತಾಯಿಯಿಂದ ತಪ್ಪಿಸಿಕೊಂಡುಬಿಟ್ಟಳು. ಲಿಬ್ಬಾ ಅವಳನ್ನು ಹುಡುಕಿ ತಾಯಿ ಹತ್ತಿರ ಸೇರಿಸಿದರು. ತಾಯಿಗೆ ಲಿಬ್ಬಾ ಇಷ್ಟವಾಗಿ, ಮುಂದೆ ಇವರು ಆ ಮನೆಗೇ ಕೆಲಸಕ್ಕೆ ಹೋಗೋ ಹಾಗಾಯಿತು.

ಆ ಮನೆ ಯಾರದು ಗೊತ್ತಾ? ತಾಯಿ ರೂತ್ ಕ್ರಾಫರ್ಡ್ ಸೀಗರ್, ಸಂಗೀತ ರಚನೆಕಾರ್ತಿ, ಹಳ್ಳಿ ಹಾಡುಗಳ ರೆಕಾರ್ಡಿಂಗ್ ಕೇಳಿ ಕೇಳಿ ಸ್ವರಲಿಪಿ ಬರೆದಿಟ್ಟವರು. ತಂದೆ ಚಾರ್ಲ್ಸ್ ಸೀಗರ್, ದೊಡ್ಡ ಸಂಗೀತ ವಿದ್ವಾಂಸ. ಅವರ ಮೊದಲ ಹೆಂಡತಿಯ ಮಗ ಪೀಟ್ ಸೀಗರ್. ಹೌದು, ಜನಪದ ಹಾಡುಗಾರ ಅಂತ ಹೆಸರಾದ ಅದೇ ಪೀಟ್ ಸೀಗರ್. ಅಮೆರಿಕದ ಜನಪದ ಹಾಡಿನ ಬಗ್ಗೆ ಊಟ ತಿಂಡಿ ಹೊತ್ತಲ್ಲೂ ಮಾತಾಡೋ ಮನೆ ಅದು. ಹಳ್ಳಿ ಹಾಡುಗಳನ್ನು ಎಲ್ಲೆಲ್ಲಿಂದಲೋ ಸಂಗ್ರಹ ಮಾಡಿ ತರ್ತಾ ಇದ್ದ ಕಾಲ. ಅದೇ ಮನೆಯ ಅಡುಗೆಮನೇಲಿ ಬಟ್ಟೆ ಇಸ್ತ್ರಿ ಮಾಡ್ತಾ, ಬ್ರೆಡ್ ಬೇಯಿಸ್ತಾ ಲಿಬ್ಬಾ ಇದ್ದರು, ಒಂದೂ ಮಾತಾಡದೆ. ಗೋಡೇಲಿ ಪೆಗ್ಗಿಯ ಗಿಟಾರ್ ನೇತಾಡ್ತಾ ಇತ್ತು. ಒಂದು ದಿನ ಲಿಬ್ಬಾ ಅದನ್ನು ಇಳಿಸಿಕೊಂಡರು. ಪೆಗ್ಗಿ ಒಳಗೆ ಬಂದಾಗ ಕಂಡದ್ದು, ಮನೆಗೆಲಸದ ಹೆಂಗಸು ಗಿಟಾರನ್ನು ತಲೆಕೆಳಗಾಗಿ ಹಿಡಿದು ನುಡಿಸ್ತಾ ಇದ್ದಾರೆ. ವರ್ಷಗಟ್ಟಲೆ ಜೊತೇಲಿದ್ದವರು, ಅವತ್ತಿನವರೆಗೂ ಯಾರಿಗೂ ಗೊತ್ತಿರಲಿಲ್ಲ. ಆ ಮನೆಯವರು ಒಳ್ಳೆಯವರು, ಆಮೇಲೆ ಅವರಿಗೋಸ್ಕರ ತುಂಬಾ ಮಾಡಿದರು, ಅದನ್ನೂ ಹೇಳ್ತೀನಿ. ಆದರೂ ನಿಮಗೆ ಹಾಡು ಬರುತ್ತಾ ಅಂತ ಯಾರಾದರೂ ಮೊದಲೇ ಒಂದು ಮಾತು ಕೇಳಿದ್ದರೆ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತೆ.

ಇನ್ನೊಂದು ನೋವಿನ ಸಂಗತಿ. 1950ರ ದಶಕದ ನಡುವೆ ಪೆಗ್ಗಿ ಇಂಗ್ಲೆಂಡಿಗೆ ಹೋದರು, ಅಲ್ಲಿ 'ಫ್ರೈಟ್ ಟ್ರೈನ್' ಹಾಡಿದರು. ಆಗ ಅಲ್ಲಿ ಸ್ಕಿಫಲ್ ಹುಚ್ಚು. ಬಟ್ಟೆ ಒಗೆಯೋ ಹಲಗೆಯನ್ನು ಕೆರೆದು ತಾಳ, ಚಹಾ ಪೆಟ್ಟಿಗೆಗೆ ಕೋಲು ಹಗ್ಗ ಕಟ್ಟಿ ಬೇಸ್, ಒಂದು ಅಗ್ಗದ ಗಿಟಾರ್, ಮುಗೀತು, ತಂಡ ರೆಡಿ. ಬೀಟಲ್ಸ್‌ನ ಜಾನ್ ಲೆನನ್ ಶಾಲಾ ದಿನಗಳಲ್ಲಿ ಕಟ್ಟಿದ ಕ್ವಾರಿಮೆನ್ ತಂಡವೂ ಸ್ಕಿಫಲ್ ತಂಡವೇ. ಆ ಗಾಳೀಲಿ ಲಿಬ್ಬಾ ಹಾಡು ಹಬ್ಬಿತು, ಇಬ್ಬರು ಅದನ್ನು ತಮ್ಮ ಹೆಸರಿಗೆ ಕಾಪಿರೈಟ್ ಮಾಡಿಸಿಕೊಂಡರು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ತಂಡದಲ್ಲಿ ನ್ಯಾನ್ಸಿ ವಿಸ್ಕಿ ಹಾಡಿದ ರೆಕಾರ್ಡ್ ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಹೋಯಿತು. ಇಡೀ ದೇಶ ಗುನುಗ್ತಾ ಇದೆ, ಕಟ್ಟಿದವರು ಅಮೆರಿಕದಲ್ಲಿ ಬೇರೆಯವರ ಮನೆ ಪಾತ್ರೆ ತೊಳೀತಾ ಇದ್ದಾರೆ. ಸೀಗರ್ ಕುಟುಂಬ ಬೆನ್ನಿಗೆ ನಿಂತದ್ದರಿಂದ ಕೊನೆಗೆ ಹಾಡಿನ ಮೇಲೆ ಅವರ ಹೆಸರು ಬಂತು. ಹಾಡು ಜನರ ಬಾಯಿಗೆ ಬಿದ್ದ ಮೇಲೆ ಅದು ಯಾರದೂ ಅಲ್ಲ ಅನ್ನೋ ಮಾತು ಕೇಳಿರ್ತೀರಿ. ಈ ಹಾಡಿನ ವಿಷಯದಲ್ಲಿ ನಾನು ಅದನ್ನು ಒಪ್ಪಲ್ಲ. ಕಟ್ಟಿದ ಹೆಂಗಸು ಬದುಕಿದ್ದರು, ಅವರಿಗೆ ಒಂದು ಹೆಸರಿತ್ತು.

ಟೈಮ್ ಆಗ್ತಾ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳ್ತೀನಿ. ಪೆಗ್ಗಿಯ ಅಣ್ಣ ಮೈಕ್ ಸೀಗರ್ ಟೇಪ್ ರೆಕಾರ್ಡರ್ ಹೊತ್ತುಕೊಂಡು ಲಿಬ್ಬಾ ಮನೆಗೇ ಹೋಗಿ ಮಲಗೋ ಕೋಣೇಲಿ ಹಾಡುಗಳನ್ನು ಹಿಡಿದಿಟ್ಟರು. 1958ರಲ್ಲಿ ಫೋಕ್‌ವೇಸ್ ಕಂಪನಿಯಿಂದ ಮೊದಲ ರೆಕಾರ್ಡ್ ಬಂತು, ಆಗ ಅವರಿಗೆ 65. ಆಮೇಲೆ ಊರೂರು ಸುತ್ತಿ ಹಾಡಿದರು. 'ಶೇಕ್ ಶುಗರೀ' ಅನ್ನೋ ಹಾಡನ್ನು ರೆಕಾರ್ಡಿನಲ್ಲಿ ಹಾಡಿದ್ದು ಅವರ 12 ವರ್ಷದ ಮರಿಮಗಳು, ಪಕ್ಕದಲ್ಲಿ ಅಜ್ಜಿಯ ಗಿಟಾರ್. ಅದನ್ನು ಮುಂದೆ ಬಾಬ್ ಡಿಲನ್ ವೇದಿಕೆ ಮೇಲೆ ಹಾಡಿದ್ದಾರೆ, ಇವರ ಇನ್ನೊಂದು ಹಾಡನ್ನು ಗ್ರೇಟ್‌ಫುಲ್ ಡೆಡ್ ತಂಡದವರು ಹಾಡಿದ್ದಾರೆ. ಹಾಡಿ ಸಂಪಾದಿಸಿದ ದುಡ್ಡಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಸ್ವಂತ ಮನೆ ತಗೊಂಡರು. 1985ರಲ್ಲಿ ಗ್ರ್ಯಾಮಿ ಬಂದಾಗ ವಯಸ್ಸು 92. 1987ರಲ್ಲಿ ತೀರಿಕೊಂಡರು. 2022ರಲ್ಲಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಕಾರ್‌ಬರೋದಲ್ಲಿ ಈಗ ಹಳಿ ಪಕ್ಕ ಒಂದು ಸೈಕಲ್ ದಾರಿ ಇದೆ. ಅದಕ್ಕೆ ಇಟ್ಟಿರೋದು ಲಿಬ್ಬಾ ಕಾಟನ್ ಹೆಸರು.

ಈಗ ಆ ತಾಯಿಗೆ ಉತ್ತರ. ಅಮ್ಮಾ, ಹೊಸ ಗಿಟಾರಿಗೆ ಈಗಲೇ ದುಡ್ಡು ಹಾಕಬೇಡಿ, ಬೈಯಲೂ ಬೇಡಿ. ಕ್ಲಾಸಲ್ಲಿ ತಿರುಗಿಸಿ ಹಿಡಿದರೆ ಪಾಠ ಅನುಸರಿಸೋದು ಅವಳಿಗೆ ಕಷ್ಟ ಆಗುತ್ತೆ, ಅದು ನಿಜ. ಪುಸ್ತಕದಲ್ಲಿರೋ ಚಿತ್ರಗಳೆಲ್ಲ ಅವಳಿಗೆ ಉಲ್ಟಾ. ಮುಂದೆ ಎಡಗೈಗೆ ಅಂತಲೇ ತಂತಿ ಕಟ್ಟಿಸಿಕೊಡೋದು ಸುಲಭದ ದಾರಿ, ಬಹಳ ಜನ ಅದನ್ನೇ ಮಾಡ್ತಾರೆ. ಆದರೆ ಮನೇಲಿ ಅವಳು ತಿರುಗಿಸಿ ಹಿಡಿದಾಗ ಒಂದು ಹತ್ತು ನಿಮಿಷ ಪಕ್ಕದಲ್ಲಿ ಕೂತ್ಕೊಂಡು ಕೇಳಿ. ಹೆಬ್ಬೆರಳು ಎಲ್ಲಿ ಹೋಗುತ್ತೆ ಅಂತ ನೋಡಿ.

ಕೊನೇಲಿ ತೋರಿಸ್ತೀನಿ ಅಂದಿದ್ದೆ ಅಲ್ವಾ. ಶುರುವಲ್ಲಿ ನುಡಿಸಿದ್ದು ಬಲಗೈಲಿ, ಮಟ್ಟು ಬಂದಿದ್ದು ತೋರುಬೆರಳಿಂದ. ಈಗ ತಿರುಗಿಸಿ ಹಿಡಿದಿದ್ದೀನಿ, ಮೂರು ವಾರ ಅಭ್ಯಾಸ ಮಾಡಿದ್ದೀನಿ. ಮಟ್ಟು ಹೆಬ್ಬೆರಳ ಮಾಂಸದ ಭಾಗದಿಂದ ಬರುತ್ತೆ. ಇಯರ್‌ಫೋನ್ ಇದ್ದರೆ ಹಾಕ್ಕೊಳ್ಳಿ. ಪ್ರತಿ ಸ್ವರವೂ ಎಷ್ಟು ದುಂಡಗೆ ಬೀಳುತ್ತೆ ಕೇಳಿ.

[ತಿರುಗಿಸಿದ ಗಿಟಾರ್, ಎಡಗೈ ಹೆಬ್ಬೆರಳಿನ ಕ್ಲೋಸಪ್. ಅದೇ ಎರಡು ಸಾಲು, ನಿಧಾನವಾಗಿ. ಮಾತಿಲ್ಲ.]